ಗಾಳಿಯಂತ್ರದ ಜೊತೆ ಲೈನನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ಗಾಳಿ ವಿದ್ಯುತ್ತಿನ ಸುದ್ದಿ ಬಂದಾಗಲೆಲ್ಲ ಎರಡು ಅಂಕಿ ಇದ್ದೇ ಇರುತ್ತವೆ. ಎಷ್ಟು ಮೆಗಾವಾಟ್, ಎಷ್ಟು ಕೋಟಿ ರೂಪಾಯಿ. ಆ ಕರೆಂಟು ಗಾಳಿಯಂತ್ರದಿಂದ ಗ್ರಿಡ್‌ಗೆ ಯಾವ ದಾರಿ ಹಿಡಿದು ಹೋಗುತ್ತದೆ, ಯಾರ ಬೆಟ್ಟ, ಯಾರ ತೋಟ, ಯಾವ ಕಾಡಿನ ಮೇಲೆ ಹಾಯುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಸರ್ಕಾರದ ಕಡತದಲ್ಲೂ ಅಷ್ಟೇ, ಯಂತ್ರದ್ದು ಒಂದು ಫೈಲು, ಲೈನಿನದ್ದು ಇನ್ನೊಂದು. ಈ ಪತ್ರ ಆ ಎರಡನೇ ಫೈಲಿನ ಬಗ್ಗೆ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಗಾಳಿ ವಿದ್ಯುತ್ ಬೇಡ ಎನ್ನುವವನಲ್ಲ. ಕಲ್ಲಿದ್ದಲು ಸುಡುವುದು ಕಡಿಮೆ ಆಗಲೇಬೇಕು. ಮಳೆಗಾಲದ ಲೆಕ್ಕವೇ ತಪ್ಪಿಹೋಗಿ ನಮ್ಮ ಕಡೆಯ ಅಡಿಕೆ ಬೆಳೆಗಾರರು ಪಡುತ್ತಿರುವ ಪಾಡು ನೋಡಿದರೆ ಹವಾಮಾನದ ಮಾತು ನಮಗೆ ದೂರದ್ದಲ್ಲ. ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 2025ರಲ್ಲಿ 50,000 ಮೆಗಾವಾಟ್ ದಾಟಿತು. ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಸಂತೋಷವೇ. ಆದರೆ ಒಳ್ಳೆಯ ಕೆಲಸ ಎಂಬ ಕಾರಣಕ್ಕೆ ಅದರ ಅರ್ಧ ಭಾಗವನ್ನು ನೋಡದೇ ಬಿಡುವುದು ಸರಿಯಲ್ಲ.

‘ನಮ್ಮ ಜಿಲ್ಲೆಯಲ್ಲಿ ಗಾಳಿಯಂತ್ರದ ಸಾಲುಗಳೇ ಇಲ್ಲವಲ್ಲ, ನಿಮಗೇನು ತೊಂದರೆ?’ ಎಂದು ಕೆಲವರು ಕೇಳುತ್ತಾರೆ. ಹೌದು, ಯಂತ್ರಗಳು ಇರುವುದು ಗದಗ, ಕೊಪ್ಪಳ, ಚಿತ್ರದುರ್ಗದ ಬಯಲಿನಲ್ಲಿ, ಅಲ್ಲಿಯ ಗುಡ್ಡಗಳ ಮೇಲೆ. ಆದರೆ ಕರೆಂಟು ಹುಟ್ಟಿದ ಊರಲ್ಲೇ ಕೂತಿರುವುದಿಲ್ಲ. ಉತ್ತರ ಕನ್ನಡ ಮೊದಲಿನಿಂದಲೂ ಕರೆಂಟು ಹುಟ್ಟುವ ಜಿಲ್ಲೆ, ಜೊತೆಗೆ ಕರೆಂಟು ಹಾದುಹೋಗುವ ಜಿಲ್ಲೆ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟೆಗಳ ಸಾಲು. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ. ಶರಾವತಿಗೆ ಗೇರುಸೊಪ್ಪ. ಇವುಗಳಿಂದ ಹೊರಟ ಹೈಟೆನ್ಷನ್ ಲೈನ್‌ಗಳು ಘಟ್ಟ ಹತ್ತಿ ಹೋಗಿವೆ. ಧಾರವಾಡದ ಹತ್ತಿರದ ನರೇಂದ್ರ ಸಬ್‌ಸ್ಟೇಷನ್ನಿನಿಂದ ಗೋವಾದ ಶೆಲ್ಡೆಂಗೆ 400 ಕೆವಿ (ನಾಲ್ಕು ಲಕ್ಷ ವೋಲ್ಟಿನ) ಲೈನ್ ಎಳೆಯುವ ಯೋಜನೆ ದಾಂಡೇಲಿ ಕಡೆಯ ಕಾಡಿನ ಕಾರಣಕ್ಕೆ ವರ್ಷಗಳಿಂದ ಚರ್ಚೆಯಲ್ಲಿದೆ. ಗ್ರಿಡ್ ಅಂದರೆ ಎಲ್ಲವೂ ಒಂದಕ್ಕೊಂದು ಹೆಣೆದ ತಂತಿ. ಬಯಲುಸೀಮೆಯಲ್ಲಿ ಹೊಸ ಕರೆಂಟು ಸೇರಿದಷ್ಟೂ ಅದನ್ನು ಸಾಗಿಸಲು ಹೊಸ ದಾರಿ ಬೇಕಾಗುತ್ತದೆ. ಪಶ್ಚಿಮಕ್ಕೆ ಒಯ್ಯಬೇಕೆಂದರೆ ನಡುವೆ ನಾವಿದ್ದೇವೆ.

ಗಾಳಿಯಂತ್ರದಿಂದ ಗ್ರಿಡ್‌ವರೆಗೆ ಏನೇನಿರುತ್ತದೆ ಎಂದು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಸಾಮಾನ್ಯವಾಗಿ ಯಂತ್ರದಲ್ಲಿ ಹುಟ್ಟುವುದು 690 ವೋಲ್ಟಿನ ಆಸುಪಾಸಿನ ಕರೆಂಟು. ಅದನ್ನು ಯಂತ್ರದ ಬುಡದಲ್ಲೇ 33 ಸಾವಿರ ವೋಲ್ಟಿಗೆ ಏರಿಸಿ, ಗುಡ್ಡದ ಮೇಲೆ ಕಂಬ ನೆಟ್ಟು, ಎಲ್ಲ ಯಂತ್ರಗಳದ್ದನ್ನೂ ಒಂದು ಸಬ್‌ಸ್ಟೇಷನ್ನಿಗೆ ತರುತ್ತಾರೆ. ಅಲ್ಲಿ 110, 220 ಅಥವಾ 400 ಕೆವಿಗೆ ಏರಿಸುತ್ತಾರೆ. ಅಲ್ಲಿಂದ ದೊಡ್ಡ ಟವರ್ ಲೈನ್. ಗ್ರಿಡ್ ಸಬ್‌ಸ್ಟೇಷನ್ ಹತ್ತಿರ ಇದ್ದರೆ ಕೆಲವೇ ಕಿಲೋಮೀಟರ್, ಇಲ್ಲದಿದ್ದರೆ ಹತ್ತಾರು. ಈ ಲೈನ್ ಇಲ್ಲದಿದ್ದರೆ ಆ ಯಂತ್ರಗಳು ತಿರುಗಿಯೂ ಪ್ರಯೋಜನವಿಲ್ಲ. ಅಂದಮೇಲೆ ಲೈನ್ ಕೂಡ ಅದೇ ಯೋಜನೆಯ ಭಾಗ ಅಲ್ವಾ?

ಕಾನೂನು ಹಾಗೆ ನೋಡುವುದಿಲ್ಲ. ಯಾವ ಯಾವ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನ ಮಾಡಿ ಮೊದಲೇ ಅನುಮತಿ ಪಡೆಯಬೇಕು ಎಂದು 2006ರ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಗಾಳಿ ವಿದ್ಯುತ್ ಇಲ್ಲ. ವಿದ್ಯುತ್ ಸಾಗಣೆಯ ಲೈನೂ ಇಲ್ಲ. ಹಾಗಾಗಿ ಜನರನ್ನು ಕರೆದು ಅಹವಾಲು ಕೇಳುವ ಸಭೆಯೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಗಾಳಿ ವಿದ್ಯುತ್ತನ್ನು ಮಾಲಿನ್ಯವೇ ಇಲ್ಲವೆನ್ನುವಂಥ ಬಿಳಿ ವರ್ಗಕ್ಕೆ ಸೇರಿಸಿತು. ಹೊಗೆ ಇಲ್ಲ, ಕೊಳಚೆ ನೀರಿಲ್ಲ, ಅದನ್ನು ಒಪ್ಪೋಣ. ಆದರೆ ಹೊಗೆ ಬರದೇ ಇದ್ದರೂ ಕಾಡು ಕಡಿಯಬಹುದು, ಹಳ್ಳ ಮುಚ್ಚಬಹುದು. ಉಳಿದಿರುವುದು ಮುಖ್ಯವಾಗಿ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ. ಅದು ಅರಣ್ಯ ಭೂಮಿ ಬಿದ್ದ ಕಡೆ ಮಾತ್ರ ಬೇಕು, ಅಲ್ಲಿ ಹೆಚ್ಚಾಗಿ ಎಷ್ಟು ಹೆಕ್ಟೇರ್, ಎಷ್ಟು ಮರ ಎಂಬ ಲೆಕ್ಕ ನಡೆಯುತ್ತದೆ. ಅದೂ ಯಾವಾಗ? ಬಹಳ ಸಲ ಬಯಲಿನಲ್ಲಿ ಯಂತ್ರದ ಕೆಲಸ ಶುರುವಾದ ಮೇಲೆ. ಕೋಟಿಗಟ್ಟಲೆ ಹಣ ಹಾಕಿ ಯಂತ್ರ ನಿಲ್ಲಿಸಿ ಆಗಿದೆ, ಇನ್ನು ಲೈನ್ ಬೇಡ ಅನ್ನಲು ಯಾವ ಅಧಿಕಾರಿಗೆ ಧೈರ್ಯ ಬರುತ್ತದೆ?

ಲೈನ್ ಅಂದರೆ ಬರೀ ತಂತಿ ಎಂದುಕೊಂಡವರಿಗಾಗಿ ಒಂದು ಲೆಕ್ಕ. ಕಾಡಿನಲ್ಲಿ 220 ಕೆವಿ ಲೈನಿಗೆ 35 ಮೀಟರ್ ಅಗಲದ ಪಟ್ಟಿ ಬೇಕು. 400 ಕೆವಿಗೆ 46 ಮೀಟರ್. ಅಂದರೆ 400 ಕೆವಿಯ ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆಗಿಂತ ಜಾಸ್ತಿ ಜಾಗ. ಆ ಪಟ್ಟಿಯಲ್ಲಿ ಮರಗಳನ್ನೆಲ್ಲ ಬುಡಸಮೇತ ಕಡಿಯಬೇಕಾಗಿಲ್ಲ, ತಂತಿ ಎಳೆಯಲು ಪ್ರತಿ ತಂತಿಯ ಕೆಳಗೆ ಮೂರು ಮೀಟರ್ ಬಿಡಿಸಿಕೊಂಡರೆ ಸಾಕು, ಉಳಿದ ಕಡೆ ತಂತಿಗೆ ತಾಗುವ ಮರಗಳನ್ನಷ್ಟೇ ಕಡಿಯಬೇಕು ಇಲ್ಲವೇ ಸವರಬೇಕು ಎಂದು ನಿಯಮ ಹೇಳುತ್ತದೆ. ಕಾಗದದಲ್ಲಿ ಸಣ್ಣದು. ಆದರೆ ಲೋಡ್ ಜಾಸ್ತಿ ಆದಾಗ ತಂತಿ ಕಾದು ಇನ್ನಷ್ಟು ಜೋತು ಬೀಳುತ್ತದೆ, ಅದಕ್ಕೆ ಅಂತರ ಬಿಡಬೇಕು. ನಮ್ಮ ಮಳೆಗೆ ಗಿಡ ಸೊಕ್ಕಿ ಬೆಳೆಯುತ್ತದೆ. ಹಾಗಾಗಿ ವರ್ಷ ವರ್ಷವೂ ಮಳೆಗಾಲಕ್ಕೆ ಮುಂಚೆ ಕತ್ತಿ ಹಿಡಿದು ಬರುತ್ತಾರೆ. ನಮ್ಮ ಕಡೆಯ ಬೆಟ್ಟಗಳಲ್ಲಿ ಲೈನ್ ಕೆಳಗೆ ಒಂದು ಒಳ್ಳೆಯ ಮರ ಉಳಿದಿಲ್ಲ. ಬಿಸಿಲು ನೆಲಕ್ಕೆ ಬಿದ್ದಲ್ಲೆಲ್ಲ ಯುಪಟೋರಿಯಂ ಕಳೆ ಎದ್ದು ನಿಂತಿದೆ, ಬೇಸಿಗೆಯಲ್ಲಿ ಅದು ಒಣಗಿದರೆ ಬೆಂಕಿಗೆ ದಾರಿ.

ಕಾಡಿನ ನೆತ್ತಿ ಒಡೆಯುವುದು ಎಂದರೆ ಏನು ಎಂಬುದು ಸಿಂಗಳೀಕದ ಕಡೆಯಿಂದ ನೋಡಿದರೆ ತಿಳಿಯುತ್ತದೆ. ಅದು ಮರದಿಂದ ಮರಕ್ಕೇ ಹೋಗುವ ಕೋತಿ, ನೆಲಕ್ಕೆ ಇಳಿಯುವುದು ಅಪರೂಪ. ಅಘನಾಶಿನಿ ಕೊಳ್ಳದಲ್ಲಿ, ಶರಾವತಿ ಕಣಿವೆಯಲ್ಲಿ ಅದರ ಗುಂಪುಗಳಿವೆ ಎಂದೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು. ಆ ಕಾಡಿನ ನಡುವೆ ನಲವತ್ತು ಮೀಟರಿನ ಒಂದು ಬಯಲು ಪಟ್ಟಿ ಬಂದರೆ ಅದರ ಪಾಲಿಗೆ ಅದು ದಾಟಲಾಗದ ಗೋಡೆ. ಮಂಗಟ್ಟೆ ಹಕ್ಕಿಗೆ ಬೇರೆ ತೊಂದರೆ. ಅದಕ್ಕೆ ಗೂಡಿಗೆ ಪೊಟರೆ ಇರುವ ಹಳೆಯ, ದಪ್ಪ ಮರ ಬೇಕು. ಎತ್ತರದ ಮರ ಎಂಬ ಕಾರಣಕ್ಕೆ ಮೊದಲು ಕೊಡಲಿ ಬೀಳುವುದೂ ಅದಕ್ಕೇ. ‘ಒಂದಕ್ಕೆ ಹತ್ತು ಸಸಿ ನೆಡುತ್ತೇವೆ’ ಎನ್ನುತ್ತಾರೆ. ನೆಟ್ಟ ಸಸಿಯಲ್ಲಿ ಮಂಗಟ್ಟೆ ಮೊಟ್ಟೆ ಇಡಬೇಕಾದರೆ ಎಷ್ಟು ತಲೆಮಾರು ಕಾಯಬೇಕು?

ಹಕ್ಕಿಗಳ ಸಾವಿನ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣೂ ಯಂತ್ರದ ರೆಕ್ಕೆಗಳ ಮೇಲೆ. ಮಹಾರಾಷ್ಟ್ರದ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಯಂತ್ರ ಇರುವ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ಅವು ಹಿಡಿದು ತಿನ್ನುತ್ತಿದ್ದ ಓತಿಗಳು ಅಲ್ಲಿ ಜಾಸ್ತಿ. ಒಂದು ಕೊಂಡಿ ಕಳಚಿದರೆ ಕೆಳಗಿನದೆಲ್ಲ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಪಶ್ಚಿಮ ಘಟ್ಟದಿಂದಲೇ ಸಿಕ್ಕಿರುವ ಸಾಕ್ಷಿ ಅದು. ಆದರೆ ತಂತಿಯೂ ಕೊಲ್ಲುತ್ತದೆ, ಎರಡು ಥರ. 33 ಕೆವಿ ಕಂಬದ ಮೇಲೆ ಹದ್ದು ಕೂತು ರೆಕ್ಕೆ ಬಿಚ್ಚಿದಾಗ ಎರಡು ತಂತಿ ತಾಗಿದರೆ ಶಾಕ್. ದೊಡ್ಡ ಟವರಿನಲ್ಲಿ ತುದಿಯ ಮೇಲೆ ಸಿಡಿಲಿನಿಂದ ರಕ್ಷಣೆಗೆ ಎಳೆದ ತೆಳ್ಳನೆಯ ತಂತಿ ಇರುತ್ತದಲ್ಲ, ದಪ್ಪ ತಂತಿಯನ್ನು ಕಂಡು ಮೇಲೇರಿದ ಹಕ್ಕಿ ಇದಕ್ಕೆ ಬಂದು ಬಡಿಯುತ್ತದೆ. ನಮ್ಮ ಮಳೆಗಾಲದ ಮಂಜಿನಲ್ಲಿ ಮನುಷ್ಯರಿಗೇ ಟವರ್ ಕಾಣುವುದಿಲ್ಲ. ರಾಜಸ್ಥಾನ, ಗುಜರಾತಿನಲ್ಲಿ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಹೀಗೆ ತಂತಿಗೆ ಬಡಿದು ಸಾಯುತ್ತಿದೆ ಎಂದು ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ಲೈನ್ ನೆಲದೊಳಗೆ ಹಾಕಿ ಎಂದು ಆದೇಶ ಬಂತು, ಅಷ್ಟೊಂದು ಉದ್ದಕ್ಕೆ ಅದು ಆಗುವ ಕೆಲಸವಲ್ಲ ಎಂದು ಸರ್ಕಾರ ಹೇಳಿತು, 2024ರಲ್ಲಿ ಆದೇಶ ಸಡಿಲವಾಗಿ ಸಮಿತಿ ಬಂತು. ಲೈನ್ ಎಳೆಯುವ ಮೊದಲೇ ಹಕ್ಕಿಯ ದಾರಿ ನೋಡಿದ್ದರೆ ಇಷ್ಟೆಲ್ಲ ಬೇಕಿತ್ತಾ?

ಮಣ್ಣಿನ ಮಾತು ಇನ್ನೂ ಮುಖ್ಯ. ಟವರ್ ನಿಲ್ಲಿಸಲು ಬರೀ ನಾಲ್ಕು ಕಾಲಿನ ಹೊಂಡ ತೋಡಿದರೆ ಆಗುವುದಿಲ್ಲ. ಕಬ್ಬಿಣ, ಸಿಮೆಂಟು ಸಾಗಿಸಲು ಗುಡ್ಡ ಕೊರೆದು ರಸ್ತೆ ಮಾಡುತ್ತಾರೆ. ಅರಬೈಲ್, ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಜೆಸಿಬಿ ಹಾಕಿ ಮಣ್ಣು ಕೆರೆದು ಬದಿಗೆ ತಳ್ಳಿದರೆ ಮಳೆಗಾಲದಲ್ಲಿ ಆ ಮಣ್ಣು ಎಲ್ಲಿ ಹೋಗಬೇಕು? ಹಳ್ಳಕ್ಕೆ, ಅಲ್ಲಿಂದ ತೋಟಕ್ಕೆ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಆದ ಗುಡ್ಡ ಕುಸಿತವನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಅವೆರಡೂ ಟವರಿನಿಂದ ಆದವು ಎಂದು ನಾನು ಹೇಳುತ್ತಿಲ್ಲ. ನಮ್ಮ ಗುಡ್ಡಗಳು ಎಷ್ಟು ಸೂಕ್ಷ್ಮ ಎಂದು ಗೊತ್ತಾದ ಮೇಲೂ, ಒಂದೊಂದು ಟವರಿನ ಜಾಗಕ್ಕೂ ಮಣ್ಣು ಪರೀಕ್ಷೆಯ ಜೊತೆ ಇಳಿಜಾರಿನ ಪರೀಕ್ಷೆ, ನೀರು ಹರಿಯುವ ದಾರಿಯ ಪರೀಕ್ಷೆ ಆಗಬೇಕು, ಅದು ಜನರ ಕೈಗೆ ಸಿಗಬೇಕು ಎನ್ನುತ್ತಿದ್ದೇನೆ. ಬೇಸಿಗೆಯಲ್ಲಿ ಬಂದು ಸರ್ವೆ ಮಾಡಿ ಹೋದವರಿಗೆ ಜುಲೈ ತಿಂಗಳ ಇಳಿಜಾರು ಹೇಗಿರುತ್ತದೆ ಎಂದು ಹೇಗೆ ಗೊತ್ತಾಗಬೇಕು? ಕನಿಷ್ಠ ಒಂದು ಪೂರ್ತಿ ವರ್ಷ, ಮಳೆಗಾಲ ಸೇರಿಸಿ, ನೋಡಲೇಬೇಕು.

ಕರಾವಳಿಗೆ ಬಂದರೆ, 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನ ರಕ್ಷಣಾ ಪಟ್ಟಿಯಲ್ಲಿ ಕೂಡ ಕರೆಂಟ್ ಲೈನಿಗೆ ಅವಕಾಶ ಕೊಟ್ಟಿದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಅಲ್ಲಿಯ ಬಳಚು (ಚಿಪ್ಪುಮೀನು), ಸಿಗಡಿ, ಉಪ್ಪುನೀರಿನ ಗಜನಿ ಗದ್ದೆ ನಂಬಿ ಸಾವಿರಾರು ಮನೆಗಳು ನಡೆಯುತ್ತವೆ. ಸಮುದ್ರದೊಳಗೆ ಗಾಳಿಯಂತ್ರ ನಿಲ್ಲಿಸುವ ಯೋಚನೆ ಸದ್ಯಕ್ಕೆ ಗುಜರಾತ್ ಮತ್ತು ತಮಿಳುನಾಡಿನ ಕಡೆ ಇದೆ, ನಮ್ಮ ಕಡೆಗಲ್ಲ. ಆದರೂ ಕಾರವಾರ, ಕುಮಟಾದ ಮೀನುಗಾರ ಬಂಧುಗಳು ಈ ವಿಷಯ ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಸಮುದ್ರದಲ್ಲಿ ಯಂತ್ರ ಬಂದರೆ ಕೇಬಲ್ ದಡಕ್ಕೆ ಎಲ್ಲೋ ಹತ್ತಲೇಬೇಕು, ಆ ಜಾಗ ಅಳಿವೆಯೋ ಬಂದರೋ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಸಬ್‌ಸ್ಟೇಷನ್ ಬಗ್ಗೆ ಎರಡೇ ಮಾತು. ಅಲ್ಲಿಯ ಸ್ವಿಚ್‌ಗಳಲ್ಲಿ ಬಳಸುವ ಎಸ್‌ಎಫ್6 ಎಂಬ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹಿಡಿದಿಡುತ್ತದೆ, ಸೋರಿಕೆಯ ಲೆಕ್ಕ ಇಡಬೇಕು. ಟ್ರಾನ್ಸ್‌ಫಾರ್ಮರ್ ಎಣ್ಣೆ ಹಳ್ಳಕ್ಕೆ ಸೇರದಂತೆ ಕಟ್ಟೆ ಇರಬೇಕು. ಇನ್ನು ಲೈನ್ ಹತ್ತಿರದ ಮನೆಯವರು ಮಳೆಯಲ್ಲಿ ‘ಜುಂಯ್’ ಎಂದು ಸದ್ದು ಬರುತ್ತದೆ ಎಂದು ಹೆದರುತ್ತಾರೆ. ತಂತಿ ಒದ್ದೆಯಾದಾಗ ಆ ಸದ್ದು ಜಾಸ್ತಿಯಾಗುವುದು ನಿಜ. ಅದನ್ನು ಅಳೆದು, ಮನೆಯ ಹತ್ತಿರ ಎಷ್ಟಿದೆ, ಮಿತಿ ಎಷ್ಟು ಎಂದು ಜನರಿಗೆ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ. ಯಾರೂ ಹೇಳುವುದಿಲ್ಲ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ ಇದೇ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ಅಭಿಪ್ರಾಯ. 2,000 ಮೆಗಾವಾಟಿನ ಆ ಯೋಜನೆ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕ ಅಭಯಾರಣ್ಯದೊಳಗೆ ಬರುತ್ತದೆ. ಅದು ಯಾಕೆ ಬೇಕು ಎಂದು ಕೇಳಿದರೆ ಸಿಗುವ ಉತ್ತರ, ಗಾಳಿ ಮತ್ತು ಬಿಸಿಲಿನ ಕರೆಂಟು ಬೇಕೆಂದಾಗ ಬರುವುದಿಲ್ಲ, ಜಾಸ್ತಿ ಇದ್ದಾಗ ನೀರು ಮೇಲೆತ್ತಿ ಇಟ್ಟು, ಸಂಜೆ ಬೇಕಾದಾಗ ಕೆಳಗೆ ಬಿಡಬೇಕು. ಇಂಥ ವ್ಯವಸ್ಥೆಯಲ್ಲಿ ನೂರು ಯೂನಿಟ್ ಬಳಸಿ ನೀರೆತ್ತಿದರೆ ವಾಪಸ್ ಸಿಗುವುದು ಎಪ್ಪತ್ತೈದು, ಎಂಬತ್ತು. ಈಗ ಯೋಚಿಸಿ. ಗಾಳಿಯಂತ್ರ ಗದಗದಲ್ಲಿ, ಅದರ ಏರಿಳಿತ ಸರಿದೂಗಿಸುವ ಸುರಂಗ ನಮ್ಮ ಕಾಡಿನ ಕೆಳಗೆ, ಎರಡನ್ನೂ ಜೋಡಿಸುವ ಲೈನ್ ನಮ್ಮ ಕಾಡಿನ ಮೇಲೆ. ಇವೆಲ್ಲ ಒಂದೇ ಕರೆಂಟಿನ ಖರ್ಚು. ಆದರೆ ಯಾವ ವರದಿಯಲ್ಲೂ ಅವು ಒಟ್ಟಿಗೆ ಕಾಣಿಸುವುದಿಲ್ಲ. ಗಾಳಿ ವಿದ್ಯುತ್ತಿಗೆ ಪರಿಸರ ಹಾನಿ ಕಡಿಮೆ ಎನ್ನುವಾಗ ಲೆಕ್ಕಕ್ಕೆ ಬರುವುದು ಗದಗದ ಗುಡ್ಡ ಮಾತ್ರ.

ಜನರ ಹಕ್ಕಿನ ವಿಷಯ ಕೇಳಿದರೆ ಬೇಸರವಾಗುತ್ತದೆ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಾಡು ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕಿತ್ತು. ರಸ್ತೆ, ಕಾಲುವೆ, ಪೈಪು, ಕರೆಂಟ್ ಲೈನಿನಂತಹ ಉದ್ದುದ್ದ ಹೋಗುವ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಟ್ಟು 2013ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಸುತ್ತೋಲೆ ಹೊರಡಿಸಿತು. ಜೊಯಿಡಾದ ಕುಣಬಿಗಳು, ಯಲ್ಲಾಪುರ, ಹಳಿಯಾಳದ ಸಿದ್ದಿಗಳು, ಜಿಲ್ಲೆಯ ತುಂಬ ಇರುವ ಅತಿಕ್ರಮಣ ಜಮೀನಿನ ಬಡವರು, ಇವರ ಕಾಡಿನ ಮೇಲೆ ಲೈನ್ ಹೋಗುವಾಗ ಸಭೆಯ ಒಪ್ಪಿಗೆ ಕೇಳಬೇಕಾಗಿಯೇ ಇಲ್ಲ. ಪರಿಹಾರದ ನಿಯಮ ಸ್ವಲ್ಪ ಸುಧಾರಿಸಿದೆ, ಅದನ್ನು ಹೇಳಬೇಕು. 2015ರಲ್ಲಿ ಟವರ್ ಬುಡದ ಜಾಗಕ್ಕೆ ಜಮೀನಿನ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15 ಎಂದಿತ್ತು. 2024ರ ಜೂನಿನಲ್ಲಿ ಕೇಂದ್ರ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಆದರೆ ಇದು ಪಹಣಿ ಇರುವವರ ಲೆಕ್ಕ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ಕೊಡುವ ಬೆಟ್ಟ ಸರ್ಕಾರದ್ದು, ನಮಗಿರುವುದು ಅನುಭವಿಸುವ ಹಕ್ಕು. ಬೆಟ್ಟ ಹೋದರೆ ತೋಟ ಸೊರಗುತ್ತದೆ, ಆ ನಷ್ಟಕ್ಕೆ ಯಾವ ಕಲಂನಲ್ಲಿ ಪರಿಹಾರ? ತೋಟದ ಮೇಲೆಯೇ ಲೈನ್ ಬಂದರೂ ಕಷ್ಟ. 400 ಕೆವಿ ತಂತಿ ನೆಲದಿಂದ ಕನಿಷ್ಠ 8.84 ಮೀಟರ್ ಮೇಲಿದ್ದರೆ ಸಾಕು, ಅಡಿಕೆ ಮರ ಅದಕ್ಕಿಂತ ಎಷ್ಟೋ ಎತ್ತರ.

ಹಾಗಾದರೆ ಏನು ಮಾಡಬೇಕು? ದಾರಿಗಳಿವೆ, ಕಷ್ಟದವೂ ಅಲ್ಲ. ಗೋವಾದ ಮೊಲ್ಲೆಂ ಕಾಡಿನಲ್ಲಿ ಹೊಸ ದಾರಿ ಕಡಿದು ಲೈನ್ ಒಯ್ಯುವುದು ಬೇಡ, ಹಳೆಯ 220 ಕೆವಿ ಲೈನ್ ಹೋಗಿರುವ ದಾರಿಯನ್ನೇ ಬಳಸಿ ಎಂದು ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿತು, ಮರುವರ್ಷ ಕೋರ್ಟ್ ಅದನ್ನು ಒಪ್ಪಿತು. ಈ ಬುದ್ಧಿ ಮೊದಲೇ ಯಾಕೆ ಬರಬಾರದು? ಹಳೆಯ ಟವರುಗಳ ಮೇಲೆಯೇ ಹೆಚ್ಚು ಬಿಸಿ ತಡೆಯುವ, ಕಡಿಮೆ ಜೋಲುವ ಹೊಸ ಮಾದರಿಯ ತಂತಿ ಹಾಕಿದರೆ ಸುಮಾರು ಎರಡು ಪಟ್ಟು ಕರೆಂಟು ಒಯ್ಯಬಹುದು. ಒಂದೇ ಟವರಿನಲ್ಲಿ ನಾಲ್ಕು ಸರ್ಕ್ಯೂಟ್, ಅಂದರೆ ನಾಲ್ಕು ಲೈನಿನ ತಂತಿ, ಎಳೆಯಬಹುದು. ಕಣಿವೆ ದಾಟುವಾಗ ಈಚೆ ಗುಡ್ಡದ ನೆತ್ತಿಯಿಂದ ಆಚೆ ಗುಡ್ಡದ ನೆತ್ತಿಗೆ ಎತ್ತರದ ಟವರ್ ಹಾಕಿದರೆ ಕೆಳಗಿನ ಕಾಡು, ತೋಟ ಎರಡನ್ನೂ ಮುಟ್ಟಬೇಕಾಗಿಲ್ಲ. ಖರ್ಚು ಜಾಸ್ತಿ, ನಿಜ. ಆ ಖರ್ಚನ್ನು ಗಾಳಿ ವಿದ್ಯುತ್ತಿನ ಯೋಜನೆ ಶುರುವಾಗುವಾಗಲೇ ಅದರ ಲೆಕ್ಕದಲ್ಲಿ ಸೇರಿಸಿದರೆ ಆಗ ಗೊತ್ತಾಗುತ್ತದೆ, ಯಾವ ಜಾಗದಲ್ಲಿ ಯಂತ್ರ ನಿಲ್ಲಿಸುವುದು ನಿಜವಾಗಿ ಅಗ್ಗ, ಯಾವುದು ಅಲ್ಲ ಎಂದು. ಗ್ರಿಡ್‌ಗೆ ಹತ್ತಿರದ, ಕಾಡು ದಾಟಬೇಕಿಲ್ಲದ ಜಾಗಗಳು ತಾವಾಗಿಯೇ ಮುಂದೆ ಬರುತ್ತವೆ.

ಲೆಕ್ಕ ಹಾಕುವುದು ಶಿರಸಿಗೆ ಹೊಸದಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ ಇಲ್ಲಿಯ ರೈತರು, ವಿಜ್ಞಾನಿಗಳು ಒಟ್ಟಿಗೆ ಕೂತು ಲಾಭವೆಷ್ಟು, ನಷ್ಟವೆಷ್ಟು ಎಂದು ತಾವೇ ವಿಚಾರ ಸಂಕಿರಣ ಮಾಡಿದ್ದರು. ಮುಳುಗುವ ತೋಟದ ಬೆಲೆ ಎಷ್ಟು, ಕಾಡಿನ ಬೆಲೆ ಎಷ್ಟು ಎಂದು ಸರ್ಕಾರದ ಎದುರು ಇಟ್ಟರು. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿ ನಿಂತರು. ಆ ಪೈಕಿ ಎಷ್ಟೋ ಹಿರಿಯರು ಇವತ್ತೂ ನಮ್ಮ ನಡುವೆ ಇದ್ದಾರೆ. ಲೈನ್ ವಿಷಯದಲ್ಲೂ ಅಂಥದ್ದೊಂದು ಕೆಲಸ ಆಗಬೇಕು. ನಮ್ಮ ಅರಣ್ಯ ಕಾಲೇಜು, ಸಹಕಾರ ಸಂಘಗಳು, ಗ್ರಾಮ ಪಂಚಾಯತಿಗಳು ಸೇರಿ ಜಿಲ್ಲೆಯ ಒಂದು ನಕ್ಷೆ ಮಾಡಲಿ. ಈಗಿರುವ ಲೈನ್‌ಗಳು, ಸಿಂಗಳೀಕ, ಮಂಗಟ್ಟೆ ಇರುವ ಕಾಡು, ಮುಂಡಗೋಡ, ಹಳಿಯಾಳ ಕಡೆ ಆನೆ ಓಡಾಡುವ ದಾರಿ, ಕುಸಿಯುವ ಗುಡ್ಡ, ಕತ್ತಲೆಕಾನಿನಂತಹ ಜೌಗು ಕಾಡು, ಎಲ್ಲ ಒಂದೇ ಹಾಳೆಯಲ್ಲಿ. ಹೊಸ ಲೈನ್ ಬೇಕು ಎಂದು ರಾಜ್ಯದ ವಿದ್ಯುತ್ ಸಾಗಣೆ ಕಂಪನಿ ಕೆಪಿಟಿಸಿಎಲ್ ಇರಲಿ, ಕೇಂದ್ರದ ಸಂಸ್ಥೆ ಇರಲಿ, ಯಾರೇ ಬಂದರೂ ಆ ನಕ್ಷೆ ಇಟ್ಟುಕೊಂಡು ಮಾತಾಡೋಣ.

ಪತ್ರಿಕೆಯವರಲ್ಲಿ ಒಂದು ಕೋರಿಕೆ. ಲೈನ್ ಹಾಕುವವರು ಕೊಡುವ ಸಾರ್ವಜನಿಕ ಪ್ರಕಟಣೆ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಊರುಗಳ ಹೆಸರಿನ ಉದ್ದ ಪಟ್ಟಿಯೊಂದಿಗೆ. ಆಕ್ಷೇಪಣೆಗೆ ಕೊಟ್ಟ ಗಡುವು ಮುಗಿದ ಮೇಲೆ ಊರವರಿಗೆ ಗೊತ್ತಾಗುತ್ತದೆ. ಅರಣ್ಯ ಅನುಮತಿಯ ಅರ್ಜಿಗಳು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಇರುತ್ತವೆ, ಆದರೆ ಇಂಗ್ಲಿಷಿನಲ್ಲಿ, ಹುಡುಕಲು ಬರುವವರಿಗೆ ಮಾತ್ರ. ನಿಮ್ಮ ಜಿಲ್ಲಾ ಪುಟದಲ್ಲಿ ಅಂಥ ಪ್ರಕಟಣೆ, ಅರ್ಜಿ ಬಂದಾಗಲೆಲ್ಲ ಯಾವ ತಾಲೂಕು, ಯಾವ ಊರು, ಎಷ್ಟು ಕೆವಿ, ಆಕ್ಷೇಪಣೆಗೆ ಕೊನೆಯ ದಿನ ಯಾವುದು ಎಂದು ನಾಲ್ಕು ಸಾಲು ಸುದ್ದಿ, ಸಾಧ್ಯವಾದರೆ ನಕ್ಷೆ ಸಮೇತ, ಕನ್ನಡದಲ್ಲಿ ಹಾಕಿ.

ಇತಿ,
ಒಬ್ಬ ಅಡಿಕೆ ಬೆಳೆಗಾರ,
ಶಿರಸಿ ತಾಲೂಕು